ಗಾಜಿನ ಪೆಟ್ಟಿಗೆಯ ಕೂಸು

ಸೋಮವಾರ, 13 ಮೇ 2002. ಬೆಳಿಗ್ಗೆ 9.10ಕ್ಕೆ ಬಾನ್ ನಗರದ ಪೊಲೀಸ್ ಠಾಣೆಗೆ ಕಳವಿನ ದೂರು ಬಂತು. ರೈನ್ ನದಿ ದಂಡೆಯ ಖಾಸಗಿ ಸಂಗ್ರಹಾಲಯವೊಂದರಿಂದ ಈಜಿಪ್ಟಿನ ಹಸುಗೂಸಿನ ಮಮ್ಮಿ, ಅಂದರೆ ಕೆಡದಂತೆ ಬಟ್ಟೆ ಸುತ್ತಿಟ್ಟ ಶವ, ಕಾಣೆಯಾಗಿತ್ತು. ನಮ್ಮ ಕಡೆ ಎಫ್‌ಐಆರ್ ಅನ್ನುವುದಕ್ಕೆ ಇಲ್ಲಿ ಆನ್‌ತ್ಸೈಗೆ ಅನ್ನುತ್ತಾರೆ. ಹೆಸರು ಬೇರೆ, ತಲೆನೋವು ಒಂದೇ.

ದೂರಿನಲ್ಲಿ ಭಾರತೀಯನೊಬ್ಬನ ಹೆಸರಿದ್ದುದರಿಂದ ಕಡತ ನೇರವಾಗಿ ಇನ್ಸ್‌ಪೆಕ್ಟರ್ ಜೋಶುವಾನ ಮೇಜಿಗೆ ಬಂತು. ಜೋಶುವಾನ ತಾಯಿ ಮಂಗಳೂರಿನಿಂದ ಬಂದ ನರ್ಸು, ತಂದೆ ಕನ್ನಡ ಮೇಷ್ಟ್ರು. ಅವನು ಹುಟ್ಟಿ ಬೆಳೆದದ್ದು ಬಾನ್‌ನಲ್ಲೇ. ಆದರೂ ಭಾರತೀಯನೊಬ್ಬ ಸೈಕಲ್ ಕಳೆದುಕೊಂಡರೂ ಕರೆ ಜೋಶುವಾನಿಗೇ. ಇಲ್ಲಿನ ಸರ್ಕಾರ ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರ್ ಇಂಜಿನಿಯರುಗಳನ್ನು ಕರೆಸಿಕೊಳ್ಳಲು ಶುರುಮಾಡಿದ ಮೇಲಂತೂ ಅವನಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ.

ಹೊರಡುವ ಹೊತ್ತಿಗೆ ಕಾನ್‌ಸ್ಟೇಬಲ್ ಉಟೆ ಇನ್ನೊಂದು ದೂರು ಚಾಚಿದಳು. ಶ್ರೀಮತಿ ಶ್ಮಿಟ್ಸ್ ಎಂಬಾಕೆಯದು. ಪಕ್ಕದ ಮನೆಯವರು ಭಾನುವಾರ ಹಿತ್ತಿಲು ಅಗೆದು ರೂಹೆತ್ಸೈಟ್ ಕೆಡಿಸಿದ್ದಾರೆ. ಸದ್ದು ಮಾಡಬಾರದ ಹೊತ್ತಿನಲ್ಲಿ ಗುದ್ದಲಿ! ಜೋಶುವಾ ವಿಳಾಸವನ್ನೂ ನೋಡದೆ ಕಾಗದವನ್ನು ಟ್ರೇಗೆ ಎಸೆದ.

10.30ಕ್ಕೆ ಸ್ಥಳ ಪಂಚನಾಮೆ. ಗಾಜು ಒಡೆದಿಲ್ಲ, ಬೀಗ ಮುರಿದಿಲ್ಲ. ಪಕ್ಕದಲ್ಲೇ ಇದ್ದ ಚಿನ್ನದ ತಾಯಿತವನ್ನು ಯಾರೂ ಮುಟ್ಟಿಲ್ಲ. ಕೂಸು ಮಾತ್ರ ಇಲ್ಲ.

ಸಂಗ್ರಹಾಲಯದ ಮುಖ್ಯಸ್ಥೆ ಡಾ. ಕ್ಲೆಮೆನ್ಸ್ ಪಾಠ ಶುರುಮಾಡಿದರು. ಕೂಸು ಎರಡು ಸಾವಿರ ವರ್ಷಕ್ಕೂ ಹಿಂದಿನ ಟಾಲೆಮಿ ದೊರೆಗಳ ಕಾಲದ್ದು. ದೇಹ ಉಳಿದರೆ ಮಾತ್ರ ಸತ್ತವರ ಆತ್ಮ ಹಕ್ಕಿಯಾಗಿ ಮರಳಿ ಬಂದು ಅದರಲ್ಲಿ ತಂಗುತ್ತದೆ ಎಂದು ಈಜಿಪ್ಟಿನವರು ನಂಬಿದ್ದರು. ದೇಹ ಕೊಳೆತರೆ ಅದು ಎರಡನೆಯ ಸಾವು. ಆಮೇಲೆ ಏನೂ ಇಲ್ಲ.

"ತೇವ ತಾಗಿದರೆ ಮುಗಿಯಿತು, ಇನ್ಸ್‌ಪೆಕ್ಟರ್. ಬೇಗ ಹುಡುಕಿ."

ರಾಮೆಸಸ್ ದೊರೆಗಳ ಕಾಲದಲ್ಲೇ ಗೋರಿಗಳ್ಳರನ್ನು ಹಿಡಿದು ವಿಚಾರಿಸಿದ ದಾಖಲೆಗಳಿವೆ ಎಂದೂ ಅವರು ಹೇಳಿದರು. ಅಷ್ಟರಲ್ಲಿ ಜೋಶುವಾನ ಮೊಬೈಲು ಬಡಿದುಕೊಂಡಿತು. ಉಟೆಯ ಕರೆ: ಶ್ರೀಮತಿ ಶ್ಮಿಟ್ಸ್ ಮತ್ತೆ ಫೋನು ಮಾಡಿದ್ದರಂತೆ. ಆಗಿನ ಪೊಲೀಸರು ಪುಣ್ಯವಂತರು ಎಂದುಕೊಂಡ.

ಶನಿವಾರ ಕೊನೆಯದಾಗಿ ಪೆಟ್ಟಿಗೆ ತೆರೆದವನು ದೂರಿನಲ್ಲಿ ಹೆಸರಿದ್ದ ಯತಿರಾಜ್. ಮೈಸೂರಿನವನು, ಸಂಗ್ರಹದ ವಸ್ತುಗಳ ಫೋಟೊ ತೆಗೆದು ಕಂಪ್ಯೂಟರಿಗೆ ಏರಿಸುವುದು ಅವನ ಕೆಲಸ.

"ಕೀ ಯಾರ ಹತ್ರ ಉಂಟು?" ಜೋಶುವಾ ಕೇಳಿದ.

"ನನ್ ಹತ್ರಾನೇ ಸರ್. ಬಟ್ ನಾನ್ ತಗೊಂಡಿಲ್ಲ, ಪ್ರಾಮಿಸ್."

"ಶನಿವಾರ ಜೊತೆಗೆ ಯಾರಿದ್ರು?"

"ಅಮ್ಮ ಒಬ್ರೇ. ವಿಸಿಟರ್ ವೀಸಾದಲ್ಲಿ ಬಂದಿದಾರೆ. ಮನೇಲಿ ಬೇಜಾರು ಅಂತ ಕರ್ಕೊಂಡ್ ಬಂದೆ. ಸುಮ್ನೆ ಕೂತಿದ್ರು."

"ಬೀಗ ಹಾಕುವಾಗ ಒಳಗೆ ನೋಡಿದ್ರಾ?"

"ಬಟ್ಟೆ ಮುಚ್ಚಿತ್ತು... ನೋಡ್ಲಿಲ್ಲ. ಸರ್, ಕೇಸ್ ಆದ್ರೆ ನನ್ ಪರ್ಮಿಟ್ ಹೋಗತ್ತೆ."

"ಎಂತ ಮಾರಾಯ, ಅಷ್ಟೂ ನೋಡ್ಲಿಕ್ಕೆ ಆಗ್ಲಿಲ್ವಾ?"

ಮನೆ ಶೋಧಕ್ಕೆ ಆದೇಶ ಕೇಳಿದರೆ ನಾಳೆ ಅಂದರು. ಹೇಳಿಕೆ ದಾಖಲಿಸಲು ನಿಯಮದಂತೆ ಅಧಿಕೃತ ದುಭಾಷಿ ಕೇಳಿದರೆ ಶುಕ್ರವಾರ ಅಂದರು. ಜೋಶುವಾನಿಗೆ ರೋಸಿಹೋಯಿತು.

ಮಂಗಳವಾರ ಬೆಳಿಗ್ಗೆ 8.40. ಯತಿರಾಜನನ್ನು ಮತ್ತೆ ಕರೆಸಿ ಕೂರಿಸಿದ್ದಾಗ ಶ್ರೀಮತಿ ಶ್ಮಿಟ್ಸ್ ಮೂರನೇ ಸಲ ಫೋನು ಮಾಡಿದರು. ಉಟೆ ಇರಲಿಲ್ಲ. ಜೋಶುವಾನೇ ಎತ್ತಿಕೊಳ್ಳಬೇಕಾಯಿತು.

"ಈಗ ಆ ಭಾರತೀಯ ಹೆಂಗಸು ಅಗೆದ ಜಾಗಕ್ಕೆ ಹಾಲು ಸುರಿಯುತ್ತಿದ್ದಾಳೆ! ಇಲಿಗಳು ಬರುತ್ತವೆ!"

ಜೋಶುವಾ ಟ್ರೇಯಿಂದ ಹಳೆಯ ದೂರನ್ನು ಎಳೆದು ವಿಳಾಸ ನೋಡಿದ. ಯತಿರಾಜನ ಮನೆ.

"ನಿಮ್ಮಲ್ಲಿ ಮಣ್ಣಿಗೆ ಹಾಲು ಯಾಕೆ ಸುರೀತಾರೆ?"

ಯತಿರಾಜ್ ಕುರ್ಚಿಯಿಂದ ಅರ್ಧ ಎದ್ದ. "ಹೂತ ಮೂರನೇ ದಿನ... ಹಾಲು ತುಪ್ಪ ಬಿಡ್ತಾರೆ ಸರ್."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತಾಗಿತ್ತು. ಜೋಶುವಾ ಹಣೆ ಚಚ್ಚಿಕೊಂಡು ಜೀಪಿಗೆ ಓಡಿದ.

ಯತಿರಾಜನ ತಾಯಿ ಪುಟ್ಟಲಕ್ಷ್ಮಮ್ಮ ಹಿತ್ತಿಲಲ್ಲಿ ತುಪ್ಪದ ಚಮಚ ಹಿಡಿದು ನಿಂತಿದ್ದರು. ಏನನ್ನೂ ಮುಚ್ಚಿಡಲಿಲ್ಲ.

"ಇಲ್ಲೇ ಮಲಗ್ಸಿದೀನಪ್ಪ. ಮಗ ಫೋಟೊ ಕೆಲ್ಸದಲ್ಲಿದ್ದಾಗ ಚೀಲದಲ್ಲಿಟ್ಕೊಂಡು ಬಟ್ಟೆ ಮುಚ್ಚಿ ಬಂದೆ. ಹಸುಗೂಸನ್ನ ಹೂಳ್ಬೇಕು. ಗಾಜಿನ ಪೆಟ್ಟಿಗೇಲಿಟ್ಟು ಟಿಕೆಟ್ ತಗೊಂಡು ನೋಡ್ತಾರಲ್ಲ, ನಾಚ್ಕೆ ಆಗಲ್ವಾ?"

"ಅವರ ನಂಬಿಕೆ ಬೇರೆ, ಅಮ್ಮ. ದೇಹ ಕೊಳೆತ್ರೆ ಮಗು ಇನ್ನೊಮ್ಮೆ ಸತ್ತ ಹಾಗೆ."

ಚಮಚ ಕೆಳಗೆ ಬಿತ್ತು. "ಅಯ್ಯೋ! ತೆಗೀರಿ, ಬೇಗ ತೆಗೀರಿ!" ಎನ್ನುತ್ತ ಆಕೆ ಕುಕ್ಕರಿಸಿ ಬರಿಗೈಯಲ್ಲೇ ಮಣ್ಣು ಕೆದರತೊಡಗಿದರು. ಸಾಕ್ಷ್ಯ ಹಾಳಾಗುತ್ತದೆಂದು ಜೋಶುವಾ ಅವರ ಎರಡೂ ಕೈ ಹಿಡಿದುಕೊಳ್ಳಬೇಕಾಯಿತು. ಅಷ್ಟರಲ್ಲಿ ಉಟೆ ಡಾ. ಕ್ಲೆಮೆನ್ಸ್ ಅವರನ್ನು ಕರೆದುಕೊಂಡು ಬಂದು ಅಗೆದಳು. ಕೂಸನ್ನು ಹೊಸ ಸೀರೆಯೊಂದರಲ್ಲಿ ಸುತ್ತಿ ಇಡಲಾಗಿತ್ತು. ಕಾಲ ಬಳಿಯ ನಾರುಬಟ್ಟೆ ಮಾತ್ರ ಒದ್ದೆಯಾಗಿತ್ತು. ಒಣಗಿಸಬಹುದು ಎಂದು ಡಾ. ಕ್ಲೆಮೆನ್ಸ್ ನಿಟ್ಟುಸಿರಿಟ್ಟರು. 11.25ಕ್ಕೆ ಪುಟ್ಟಲಕ್ಷ್ಮಮ್ಮನವರ ಬಂಧನವಾಯಿತು.

ಠಾಣೆಯಲ್ಲಿ ಜೋಶುವಾ ವೈಯಕ್ತಿಕ ವಿವರ ಬರೆದುಕೊಂಡ. ಹೆಸರು, ಊರು, ವಯಸ್ಸು.

"ಮಕ್ಕಳು?"

"ಇಬ್ರು."

ಯತಿರಾಜ್ ರೇಗಿದ. "ಅಮ್ಮಾ, ಸರಿಯಾಗ್ ಹೇಳು! ನಾನೊಬ್ನೇ ಸರ್."

ಪುಟ್ಟಲಕ್ಷ್ಮಮ್ಮ ಮಗನ ಕಡೆ ನೋಡಲಿಲ್ಲ. "ನಿನಗಿಂತ ಮುಂಚೆ ಒಬ್ಳಿದ್ಲು. ನಾಮಕರಣದ ಹಿಂದಿನ ದಿನ ಹೋದ್ಲು. ಗಂಡಸರು ಎತ್ಕೊಂಡ್ ಹೋದ್ರು. ಬಾಣಂತಿ ಹೊಸ್ಲು ದಾಟ್ಬಾರ್ದು ಅಂದ್ರು. ಎಲ್ಲಿ ಹೂತ್ರು ಅಂತ ಇವತ್ತಿಗೂ ಗೊತ್ತಿಲ್ಲ. ಇದಕ್ಕಾದ್ರೂ ಕೈಯಾರೆ ಮಣ್ಣು ಹಾಕೋಣ ಅನ್ನಿಸ್ತು."

ಫೋನು ಬಡಿದುಕೊಳ್ಳುತ್ತಿತ್ತು. ತೋಡಿದ ಗುಂಡಿಯನ್ನು ಮುಚ್ಚದೆ ಬಂದಿದ್ದರು. ಶ್ರೀಮತಿ ಶ್ಮಿಟ್ಸ್ ಇರಬೇಕು. ಜೋಶುವಾ ಎತ್ತಲಿಲ್ಲ. ಮಕ್ಕಳು ಎಂಬಲ್ಲಿ ಎರಡು ಎಂದು ಬರೆದ.