ಅಂಚಿನ ಎರಡು ಗೆರೆ

ಹನ್ನೆರಡನೇ ತಾರೀಕು, ಸೋಮವಾರ, ಬೆಳಗ್ಗೆ ಹತ್ತೂಕಾಲು. ಠಾಣೆಗೆ ಬಂದ ದೂರನ್ನು ದಫೇದಾರ ತನ್ನ ದುಂಡನೆಯ ಅಕ್ಷರದಲ್ಲಿ ಎಫ್‌ಐಆರ್‌ಗೆ ಇಳಿಸಿದ: ‘ಕಳುವಾದ ಮಾಲು – ಹಳೇ ಪ್ಲಾಸ್ಟಿಕ್ ತಟ್ಟೆ, ಒಂದು.’

“ತಟ್ಟೆ ಅಲ್ಲ ರೀ, ಡಿಸ್ಕ್!” ದೂರುದಾರ ಕುರ್ಚಿಯಿಂದ ಎದ್ದೇಬಿಟ್ಟ. “ನಾನೇನು ಊಟಕ್ಕೆ ಇಟ್ಕೊಂಡಿದ್ನಾ?”

ಮರಗಳ ನಡುವೆ ನಿಲ್ಲಿಸಿದ ಸರಪಳಿ ಬುಟ್ಟಿಗೆ ಡಿಸ್ಕ್ ಎಸೆಯುವ ಆಟ ಅವನದು. ಹಳೆಯ ಡಿಸ್ಕ್‌ಗಳನ್ನು ಕೂಡಿಹಾಕಿ ಕ್ಲಬ್ಬಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ.

“ಹೊಸದೊಂದು ತಗೊಂಡ್ರೆ ಆಗಲ್ವಾ?”

“ಆ ಪ್ಲಾಸ್ಟಿಕ್ ಮಾಡೋದು ನಿಂತುಹೋಗಿ ಹದಿನಾಲ್ಕು ವರ್ಷ ಆಯ್ತು. ಮಳೇಲಿ ಕೈಯಿಂದ ಜಾರಲ್ಲ, ಚಳಿಗೆ ಗಟ್ಟಿಯಾಗಲ್ಲ, ಮರಕ್ಕೆ ಬಡಿದ್ರೂ ಒಡೆಯಲ್ಲ. ಅದೇ ಹೆಸರಲ್ಲಿ ಮತ್ತೆ ಮೂರು ಸಲ ಮಾಡಿದ್ರು. ಎಲ್ಲಾ ಠುಸ್!”

ಹಾಳು ತಟ್ಟೆಗೂ ಒಂದು ಎಫ್‌ಐಆರ್ ಎಂದು ದಫೇದಾರ ಒಳಗೊಳಗೇ ಗೊಣಗಿಕೊಂಡ.

ಹನ್ನೊಂದೂ ನಲವತ್ತಕ್ಕೆ ಕ್ಲಬ್ಬಿನಲ್ಲಿ ಪಂಚನಾಮೆ. ಗಾಜಿನ ಬೀರುವಿನ ಬೀಗದ ಪಕ್ಕ ಚಾಕು ಹಾಕಿ ಮೀಟಿದ್ದರು. ಅರವತ್ತೊಂದರಲ್ಲಿ ಅರವತ್ತು ಡಿಸ್ಕ್ ಹಾಗೇ ಇದ್ದವು. ‘ಕಾರ್ಖಾನೆ ಮಾಲೀಕರ ಸ್ವಂತ ಸೂತ್ರ’ ಎಂಬ ಚೀಟಿ ಮಾತ್ರ ನಾಲ್ಕು ಚೂರಾಗಿ ನೆಲದ ಮೇಲಿತ್ತು.

“ಇದು ಆಸೆಯ ಕಳ್ಳತನ ಅಲ್ಲ, ಸಿಟ್ಟಿಂದು,” ಎಂದರು ಇನ್ಸ್‌ಪೆಕ್ಟರ್. ಅವರು ಮಾತನ್ನು ಅಳೆದು ಆಡುವ ಹೆಂಗಸು. “ಈ ಗಾಯ ನೋಡಿ.”

ಬೀರುವಿನ ಮರದ ಚೌಕಟ್ಟಿನ ಮೇಲೆ ಒತ್ತೊತ್ತಾಗಿ ಎರಡು ಗೆರೆ. ಚಾಕುವಿನ ತುದಿ ಮುರಿದು ಎರಡು ಮೊನೆಯಾಗಿರಬೇಕು. ದಫೇದಾರ ಅಳತೆ ತೆಗೆದು ಚಿತ್ರ ಬರೆದುಕೊಂಡ. ಇನ್ಸ್‌ಪೆಕ್ಟರ್ ಅದೇ ಪ್ಲಾಸ್ಟಿಕ್ಕಿನ ಇನ್ನೊಂದು ಡಿಸ್ಕ್ ತೆಗೆದು ಮಗುಚಿದರು. ಅಂಚಿನ ಒಳಗೂ ಅದೇ ಎರಡು ಗೆರೆ!

“ಅದು ಅಸಲಿ ಗುರುತು ಮೇಡಂ,” ಎಂದ ದೂರುದಾರ. “ಆಟಗಾರರು ಅದನ್ನ ನೋಡೇ ಕೊಳ್ಳೋದು.”

“ಅದು ಹೇಗೆ ಬಂತು?”

“ಅದನ್ನ ಕಾರ್ಖಾನೆಯವರನ್ನೇ ಕೇಳ್ಬೇಕು.”

ಮರುದಿನ ಮಧ್ಯಾಹ್ನ ಮೂರಕ್ಕೆ ಕಾರ್ಖಾನೆ. ಹಳೆಯ ಮೇಸ್ತ್ರಿ ಕನ್ನಡಕ ಏರಿಸಿ ಡಿಸ್ಕ್ ನೋಡಿದ.

“ಅಚ್ಚಿಂದ ತೆಗೆದ ಮೇಲೆ ಅಂಚಲ್ಲಿ ಉಳಿದದ್ದನ್ನ ಚಾಕುಲಿ ಹೆರೀಬೇಕು. ಈ ಗೆರೆ, ನಾವೆಲ್ಲ ‘ಹಠದಕ್ಕ’ ಅಂತಿದ್ದೋಳ ಮುರುಕು ಚಾಕುಂದು. ಬೇರೆ ಕೊಟ್ರೂ ಮುಟ್ತಿರ್ಲಿಲ್ಲ ಪುಣ್ಯಾತ್ಗಿತ್ತಿ.”

“ಈಗೆಲ್ಲಿ?”

“ಹೇಳಿದ ಮಾತು ಕೇಳಲ್ಲ ಅಂತ ಕೆಲಸದಿಂದ ತೆಗೆದ್ರು.”

“ಯಾವಾಗ?”

“ಹದಿನಾಲ್ಕು ವರ್ಷ ಆಯ್ತು.”

ಆ ಪ್ಲಾಸ್ಟಿಕ್ ನಿಂತದ್ದೂ ಆಗಲೇ! ದಫೇದಾರ ಅವಳ ವಿಳಾಸ ಕೇಳಿ ಬರೆದುಕೊಂಡ.

ಬುಧವಾರ ಬೆಳಗ್ಗೆ ಎಂಟೂ ಇಪ್ಪತ್ತು. ಟೈಲರ್ ಅಂಗಡಿಯ ಮಹಡಿ ಮೇಲೆ ಎರಡು ಕೋಣೆಯ ಮನೆ. ಅರವತ್ತರ ಹೆಂಗಸು ತುದಿ ಮುರಿದ ಚಾಕುವಿನಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಡಿಸ್ಕ್ ಎದುರಿನ ಗೂಡಿನಲ್ಲೇ ಇತ್ತು.

“ಬಚ್ಚಿಡೋಕೆ ನಾನೇನು ಕದ್ದಿದ್ದೀನಾ?” ಎಂದವಳು ನಾಲಿಗೆ ಕಚ್ಚಿಕೊಂಡಳು. “ಹೂಂ, ಕದ್ದಿದ್ದೀನಿ. ಬರ್ಕೊಳ್ಳಿ.”

“ಯಾಕಮ್ಮ?”

“ಹೆರೆದು ಉಳಿದ ಪ್ಲಾಸ್ಟಿಕ್ ತುಂಡನ್ನ ಒಂದು ಸಲ ಅರೆದು ಮತ್ತೆ ಯಂತ್ರಕ್ಕೆ ಸುರಿ ಅಂದ್ರು. ನಾನು ಎರಡು ಸಲ ಅರೆದೆ, ಚೆನ್ನಾಗಿ ಒಣಗಿಸಿ ಸುರಿದೆ. ಹೊತ್ತು ಹಾಳು ಅಂತ ಮನೆಗೆ ಅಟ್ಟಿದ್ರು. ಆಮೇಲೆ ಅವರ ಕೈಲಿ ಆಗ್ಲಿಲ್ಲ. ನಿಂತುಹೋಯ್ತು ಅಂತ ಸಾರಿದ್ರು. ಮಾಡೋಳನ್ನೇ ಓಡಿಸಿದ ಮೇಲೆ ನಿಲ್ಲದೆ ಇನ್ನೇನು?”

ಶನಿವಾರ ಪ್ರದರ್ಶನಕ್ಕೆ ಹೋಗಿ, ಇವು ನಾನು ಮಾಡಿದವು ಎಂದಿದ್ದಳಂತೆ.

“‘ಓದೋಕೆ ಬರುತ್ತಾ ಅಜ್ಜಿ, ಚೀಟಿ ನೋಡು’ ಅಂತ ಪ್ರದರ್ಶನ ಇಟ್ಟವನು ನಕ್ಕ. ಎಲ್ಲರೂ ನಕ್ಕರು. ಭಾನುವಾರ ಮಧ್ಯಾಹ್ನ ಅವರು ಆಟಕ್ಕೆ ಹೋದಾಗ ಹೋಗಿ ತಂದೆ. ಕೋರ್ಟಲ್ಲೂ ಇದನ್ನೇ ಹೇಳ್ತೀನಿ. ತಪ್ಪಾಯ್ತು ಅಂತ ಮಾತ್ರ ಸತ್ರೂ ಹೇಳಲ್ಲ!”

ಇನ್ಸ್‌ಪೆಕ್ಟರ್ ದಸ್ತಗಿರಿಯ ವಿಷಯ ತಿಳಿಸಿದರು. ಪಂಚರ ಎದುರು ಚಾಕು, ಡಿಸ್ಕ್ ಎರಡೂ ಜಪ್ತಾದವು. ದಫೇದಾರ ‘ಡಿಸ್ಕ್’ ಎಂದು ಬರೆಯತೊಡಗಿದ.

“ತಟ್ಟೆ ಅಂತ ಬರೀರಿ. ಕಾರ್ಖಾನೇಲಿ ನಾವು ಹಾಗೇ ಕರೀತಿದ್ವಿ.”

ದಫೇದಾರನಿಗೆ ಒಳಗೇ ಖುಷಿಯಾಯಿತು. ಹೊಡೆದುಹಾಕಿ ತಿದ್ದಿದ. ‘ಅಂಚಿನ ಗೆರೆಗಳು ಆರೋಪಿಯ ಚಾಕುವಿನವು. ತಯಾರಿಸಿದವರು–’ ಎಂದು ಬರೆದು ತಲೆಯೆತ್ತಿದ. ಅವನ ಸರ್ವೀಸಿನಲ್ಲಿ ಯಾವ ಪಂಚನಾಮೆಯಲ್ಲೂ ಅಂಥ ಸಾಲು ಇರಲಿಲ್ಲ.

“ಗೆರೆ ಸಾಕ್ಷಿ ಆಗ್ಬೇಕಾದ್ರೆ ಅದೂ ಇರ್ಲೇಬೇಕು,” ಎಂದರು ಇನ್ಸ್‌ಪೆಕ್ಟರ್. “ಬರೀರಿ.”

“ಆರೋಪಿ ಅಂತ ಬೇಡ ಅಣ್ಣ. ಹೆಸರು ಬರೀರಿ, ಪೂರ್ತಿ.”

ದಫೇದಾರ ಪೂರ್ತಿ ಬರೆದ. ಅವಳು ಅದನ್ನು ಎರಡು ಸಲ ಓದಿ ಸಹಿ ಹಾಕಿದಳು.

“ಇದು ಕೋರ್ಟಿಗೆ ಹೋಗುತ್ತಾ?”

“ಹೋಗುತ್ತೆ.”

“ನಕ್ಕನಲ್ಲ, ಅವನೆದುರೂ ಓದ್ತಾರಾ?”

“ದೂರು ಕೊಟ್ಟವನೇ ಅವನು. ಕೇಳಿಸ್ಕೊಳ್ಳಲೇಬೇಕು.”

“ಹಾಗಾದ್ರೆ ನಡೀರಿ, ಇನ್ನೇಕೆ ತಡ?” ಎಂದು ಹಠದಕ್ಕ ಎಲ್ಲರಿಗಿಂತ ಮುಂದೆ ಮೆಟ್ಟಿಲಿಳಿದಳು.