ಎತ್ತದ ಕೈ

ಇದನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಹಗಲು ಬಟ್ಟೆ ಹೊಲಿದು, ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ಏಟು ತಿಂದವನು ಮಲ್ಲು. ಅವನ ಕಥೆ ನಾನು ಬರೆಯಬಹುದೇ ಎಂದು ಮೂರು ಸಲ ಹಾಳೆ ಹರಿದಿದ್ದೇನೆ.

ಮಲ್ಲು ನಮ್ಮ ತರಗತಿಗೆ ಬಂದ ಮೊದಲ ದಿನವೇ ಅವನ ಹುಬ್ಬಿನ ಮೇಲೆ ಹೊಲಿಗೆ ಇತ್ತು. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ತೊಗರಿ ಅಂಗಡಿಯಲ್ಲಿ ಕೆಲಸ, ವಾರಕ್ಕೊಂದು ಹೊಡೆದಾಟ.

“ಏನ್ ನೋಡ್ಲಾಕತ್ತೀರಿ?” ಅಂದ.

“ಹೊಲಿಗಿ. ಯಾರ್ ಹಾಕ್ಯಾರ‍್ರೀ? ಭಾಳ ಸೊಟ್ಟ ಅದ.”

ನಕ್ಕ. ನಕ್ಕಾಗ ಹೊಲಿಗೆ ಎಳೆದು ರಕ್ತ ಬಂತು. ಒರೆಸಲು ನನ್ನ ಕರ್ಚೀಫ್ ಕೊಟ್ಟೆ. ಅದು ಇವತ್ತಿಗೂ ವಾಪಸ್ ಬಂದಿಲ್ಲ.

ಮುಂದಿನ ಡಿಸೆಂಬರಿನಲ್ಲಿ ನಮಗೆ ಪಾಠ ಮಾಡುತ್ತಿದ್ದ ಶೀಲಾ ಮೇಡಂ ಕ್ರಿಸ್‌ಮಸ್ ರಜೆಗೆ ಮುಂಚೆ ಚೀಟಿ ಎತ್ತಿಸಿದರು. ಯಾರ ಹೆಸರು ಬರುತ್ತದೋ ಅವರಿಗೊಂದು ಉಡುಗೊರೆ. ಆದರೆ ಅದು ಕೈಯಲ್ಲಿ ಹಿಡಿಯುವ ವಸ್ತು ಆಗಬಾರದು. ಮಲ್ಲು ಯಾರ‍್ಯಾರನ್ನೋ ಪುಸಲಾಯಿಸಿ ನನ್ನ ಹೆಸರಿನ ಚೀಟಿ ಪಡೆದ, ತನ್ನ ಹೆಸರಿನದನ್ನು ನನಗೆ ಮುಟ್ಟಿಸಿದ.

“ಏನ್ ಬೇಕು, ಕೇಳು.”

“ಇನ್ಮ್ಯಾಲೆ ಯಾರ ಮ್ಯಾಲೂ ಕೈ ಎತ್ತಬ್ಯಾಡ.”

“ಸೀರಿ ಕೇಳಿದ್ರ ಸಸ್ತಾ ಆಗ್ತಿತ್ತಲ್ಲ, ಯಶೋಧರಾ!” ತಲೆ ಕೆರೆದುಕೊಂಡ. “ಆಯ್ತು, ಕೊಟ್ಟೆ. ಈಗ ನನ್ನ ಪಾಳಿ. ಎಳ್ಳಮಾಸಿಗೆ ನಮ್ಮ ಹೊಲಕ್ಕ ಬಾ. ಎಲ್ಲರ ಮುಂದ ನನ್ನ ಬಾಜೂಕ ಕುಂತು ಉಣ್ಣು.”

ನಾವು ದಲಿತರು, ಬೌದ್ಧರಾದವರು. ಅವರ ಮನೆಯಲ್ಲಿ ನಮ್ಮಂಥವರಿಗೆ ಇಂದಿಗೂ ಬೇರೆ ಲೋಟ. ಆದರೂ ಹೂಂ ಅಂದೆ.

ಎಳ್ಳು ಅಮಾವಾಸ್ಯೆಯ ದಿನ ಕಮಲಾಪುರದ ಅವರ ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಅವನ ತಾಯಿ ಲಲಿತಾಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಪೈರಿಗೆ ಚೆಲ್ಲುವ ಎಡೆಯ, ಚರಗದ, ಬುಟ್ಟಿಯನ್ನು ನನ್ನ ಕೈಗೇ ಇಟ್ಟರು. “ನೀ ಹಿಡೀವ್ವ, ಅಂವ ಚೆಲ್ಲತಾನ.”

ಬುಟ್ಟಿಯೊಳಗೆ ಅವನ ಬೆರಳುಗಳು ಬೇಕೆಂದೇ ನನ್ನ ಬೆರಳಿಗೆ ತಾಗುತ್ತಿದ್ದವು.

“ಬಜ್ಜಿ ಆ ಕಡಿ ಅದ,” ಅಂದೆ.

“ಗೊತ್ತದ,” ಅಂದ.

ಅಷ್ಟರಲ್ಲಿ ಅವನ ಅಣ್ಣ ದೇವೀಂದ್ರಪ್ಪ ಬಂದ. “ಚರಗ ಇಕಿ ಕೈಯಾಗ ಕೊಟ್ಟೀರೇನು?” ಎಂದು ಬುಟ್ಟಿಗೆ ಒದ್ದ. ರೊಟ್ಟಿ, ಕಡಬು ಮಣ್ಣಿಗೆ ಬಿದ್ದವು. ನನ್ನ ಕಪಾಳಕ್ಕೆ ಹೊಡೆದ, ತುಟಿ ಒಡೆಯಿತು.

ಮಲ್ಲುವಿನ ಮುಷ್ಟಿ ಬಿಗಿಯಿತು. ನಾನು ನೋಡಿದೆ. ಆಮೇಲೆ ಒಂದೊಂದೇ ಬೆರಳು ಬಿಚ್ಚಿಕೊಂಡಿತು. ಅವನು ನನ್ನ ಮುಂದೆ ಬಂದು ನಿಂತ, ಅಷ್ಟೇ.

ದೇವೀಂದ್ರಪ್ಪ ಕೋಲು ಎತ್ತಿಕೊಂಡ. ಮೊದಲ ಏಟು ಮಲ್ಲುವಿನ ಹೆಗಲಿಗೆ. ಎರಡನೆಯದು ಬಾಯಿಗೆ. ಮೂರನೆಯದಕ್ಕೆ ಮೊಣಕೈ ಒಣ ದಂಟಿನ ಹಾಗೆ ಲಟಕ್ಕೆಂದಿತು.

“ಹೊಡಿ ಮಲ್ಲು! ನಿನ್ನ ಮಾತು ವಾಪಸ್ ಕೊಟ್ಟೀನಿ, ಹೊಡಿ!” ಎಂದು ಕಿರುಚಿದೆ. ಚೀಟಿಯ ದಿನ ಆ ಮಾತು ಕೇಳುವಾಗಲೇ, ಜೀವಕ್ಕೆ ಬಂದಾಗ ಬಿಟ್ಟು ಎಂದು ಒಂದು ಷರತ್ತು ಸೇರಿಸಬೇಕಿತ್ತು. ನನಗೆ ತೋಚಿರಲಿಲ್ಲ.

ಅವನು ಕೈ ಎತ್ತಲಿಲ್ಲ. ಲಲಿತಾಬಾಯಿ ಓಡಿಬಂದು ಕೋಲಿಗೆ ಜೋತುಬಿದ್ದ ಮೇಲೆಯೇ ಏಟು ನಿಂತಿದ್ದು.

ನೆಲದಲ್ಲಿ ಕುಸಿದವನ ಪಕ್ಕ ಕುಳಿತೆ. ಮಣ್ಣು ಹತ್ತಿದ ಸಜ್ಜೆ ರೊಟ್ಟಿ ಎತ್ತಿಕೊಂಡೆ. ಒಂದು ಚೂರು ಅವನ ಬಾಯಿಗಿಟ್ಟು, ಇನ್ನೊಂದನ್ನು ರಕ್ತದ ಜೊತೆಗೇ ನುಂಗಿದೆ. ದೇವೀಂದ್ರಪ್ಪ ನೋಡುತ್ತಿದ್ದ. ಎಲ್ಲರೂ ನೋಡುತ್ತಿದ್ದರು.

ಕಲಬುರಗಿಯ ಆಸ್ಪತ್ರೆಯಲ್ಲಿ ಕೇಳಿದೆ: “ನಾ ಒದರಿದ್ದು ಕೇಳಿಸ್ಲಿಲ್ಲೇನು?”

“ಏನ್ ಒದರಿದಿ?” ಊದಿದ ತುಟಿಯಲ್ಲೇ ನಕ್ಕ. “ಹೊಲಿಗಿ ನೋಡು, ಈ ಸಲ ನೆಟ್ಟಗ ಅದ.”

ಫೆಬ್ರವರಿಯಲ್ಲಿ ನಮ್ಮ ಮದುವೆ ರಿಜಿಸ್ಟರ್ ಆಯಿತು. ಸಹಿಯನ್ನು ಅವನು ಎಡಗೈಯಲ್ಲಿ ಮಾಡಿದ. ಮೊಣಕೈ ಪೂರ್ತಿ ನೆಟ್ಟಗಾಗುತ್ತದೆಯೇ ಎಂದು ಡಾಕ್ಟರೂ ಹೇಳುತ್ತಿಲ್ಲ. ಅವತ್ತು ನನ್ನ ಕೂಗು ಅವನಿಗೆ ಕೇಳಿಸಿತ್ತೋ ಇಲ್ಲವೋ, ಅದು ನನಗಿನ್ನೂ ಗೊತ್ತಿಲ್ಲ.