ಓಟೆಂಗ್ ಸೆಬಿನಾನ ಕುರ್ಚಿ

1967ರ ಆಗಸ್ಟ್ 14, ಸೋಮವಾರ. ಬೆಳಿಗ್ಗೆ ಎಂಟು ಹತ್ತಕ್ಕೆ ರಾಜಧಾನಿ ಗ್ಯಾಬೊರೋನ್ ಠಾಣೆಗೆ ಬಂದ ಮೊಲಾಪಿಸಿ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತ. ಸಂಸತ್ ಭವನದ ಸಭಾಂಗಣದ ಬೀಗದ ಕೈ ಇರುವುದು ಇವನ ಬಳಿ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ತುಂಬಿರಲಿಲ್ಲ, ಭವನದ ಬಣ್ಣದ ವಾಸನೆಯೂ ಪೂರ್ತಿ ಹೋಗಿರಲಿಲ್ಲ.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಕೆಬೊನಾಂಗ್ ಕೇಳಿದರು.

"ಕುರ್ಚಿ, ಸಾಹೇಬ್ರೆ. ಸದಸ್ಯರು ಕೂರೋ ಕುರ್ಚಿ. ಒಂದು."

"ಕೊನೇ ಸಲ ಯಾವಾಗ ನೋಡಿದ್ದು?"

"ಶುಕ್ರವಾರ ಮಧ್ಯಾಹ್ನ ಒರೆಸಿಟ್ಟಿದ್ದೆ. ಇವತ್ತು ಏಳಕ್ಕೆ ಬಾಗಿಲು ತೆಗೆದ್ರೆ ಇಲ್ಲ."

"ಬೀಗ?"

"ಹಾಕಿದ ಹಾಗೇ ಇತ್ತು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಅದೇ ನನ್ನ ಗ್ರಹಚಾರ."

ಬುಧವಾರ ಹತ್ತು ಗಂಟೆಗೆ ಗಬಾನೆ ಕ್ಷೇತ್ರದ ಹೊಸ ಸದಸ್ಯರ ಪ್ರಮಾಣ ವಚನ. ಅಷ್ಟರೊಳಗೆ ಕುರ್ಚಿ ಸ್ವಸ್ಥಾನದಲ್ಲಿರಬೇಕು, ಇಲ್ಲದಿದ್ದರೆ ಬೀಗದ ಕೈ ಒಪ್ಪಿಸಿ ನಡೆ ಎಂದು ಮೇಲಿನವರು ಹೇಳಿಯಾಗಿತ್ತು. ಮೊಲಾಪಿಸಿ ಹನ್ನೊಂದು ವರ್ಷ ಜೊಹಾನ್ಸ್‌ಬರ್ಗಿನ ಚಿನ್ನದ ಗಣಿಯಲ್ಲಿ ದುಡಿದವನು. ಈ ಕೆಲಸ ಸಿಕ್ಕ ಮೇಲೆಯೇ ಅವನು ಹಗಲನ್ನು ನೆಮ್ಮದಿಯಾಗಿ ನೋಡಿದ್ದು. ಇದು ಹೋದರೆ ಮತ್ತೆ ಅದೇ ರೈಲು, ಅದೇ ಗುಂಡಿ. ಎಫ್‌ಐಆರ್ ಮೇಲೆ ಅವನು ಸಹಿ ಹಾಕಿದ.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಎರಡನೇ ಸಾಲಿನಲ್ಲಿ, ಕಿಟಕಿಯ ಪಕ್ಕ, ಒಂದು ಕುರ್ಚಿಯ ಜಾಗ ಹಲ್ಲು ಬಿದ್ದ ಬಾಯಿಯಂತೆ ಖಾಲಿ ಇತ್ತು. ಕಿಟಕಿ, ಬೀಗ ಎರಡೂ ಭದ್ರ. ಮೇಣ ಬಳಿದ ನೆಲದ ಮೇಲೆ ಬರಿಗಾಲಿನ ಹೆಜ್ಜೆಗಳು ಮೂಡಿದ್ದವು. ಬಾಗಿಲಿನಿಂದ ಎರಡನೇ ಸಾಲಿಗೆ ನೇರವಾಗಿ ಹೋದರೆ ಇಪ್ಪತ್ತು ಹೆಜ್ಜೆ. ಕಳ್ಳ ಮಾತ್ರ ಗೋಡೆಯ ಅಂಚಿನಲ್ಲೇ ಇಡೀ ಸಭಾಂಗಣ ಸುತ್ತಿ ಹೋಗಿ, ಹಾಗೆಯೇ ಸುತ್ತಿ ಹಿಂದಿರುಗಿದ್ದ.

"ಇದೆಂಥ ಕಳ್ಳ, ಮೆರವಣಿಗೆ ಹೊರಟಿದಾನೆ," ಎಂದ ಕಾನ್ಸ್‌ಟೇಬಲ್ ತೂಸೊ. ಕೆಬೊನಾಂಗ್ ಹೆಜ್ಜೆಗಳನ್ನು ಎಣಿಸಿ ಬರೆದುಕೊಂಡರು.

ಮೊಲಾಪಿಸಿಯ ಹೇಳಿಕೆಯನ್ನು ಅವನ ಕೋಣೆಯಲ್ಲೇ ಪಡೆದರು. ಒಂದು ಮೇಜು, ಒಂದು ಕೆಟಲ್, ತೊಗಲಿನ ಪಟ್ಟಿ ಹೆಣೆದ ಒಂದೇ ಒಂದು ಮರದ ಕುರ್ಚಿ. ಅದರಲ್ಲಿ ಇನ್ಸ್‌ಪೆಕ್ಟರ್ ಕುಳಿತರು, ಮೊಲಾಪಿಸಿ ನಿಂತ. ಪಟ್ಟಿಗಳೆಲ್ಲ ಹಳತಾಗಿ ಕಪ್ಪಾಗಿದ್ದವು, ಒಂದು ಮಾತ್ರ ಕೆಂಪು ಹಸುವಿನ ತೊಗಲು.

"ಶುಕ್ರವಾರ ಬಾಗಿಲು ತೆರೆದಿಟ್ಟಿದ್ದೆಯಾ?"

"ಅರ್ಧ ಗಂಟೆ. ಮೇಣ ಒಣಗಲಿ ಅಂತ. ನಾನು ಇಲ್ಲಿ ಚಹಾ ಕುಡೀತಿದ್ದೆ. ಆಮೇಲೆ ಹೊರಗಿನಿಂದಲೇ ಬೀಗ ಹಾಕ್ದೆ, ಒಳಗೆ ಹೋದ್ರೆ ನನ್ನ ಬೂಟಿನ ಗುರುತು ಬೀಳುತ್ತಲ್ಲ."

"ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ."

ಗೇಟಿನ ಕಾವಲುಗಾರನದೂ ಅದೇ ಮಾತು. ಸಂಜೆ ಮೊಲಾಪಿಸಿಯ ಮನೆ ಶೋಧಿಸಿದರು. ಅವನ ಹೆಂಡತಿ ಹಾಸಿಗೆಯನ್ನು ತಾನೇ ಮಗುಚಿ ತೋರಿಸಿ, "ಒಲೆಯೊಳಗೂ ನೋಡಿ, ಕುರ್ಚಿ ಅಡುಗೆ ಮಾಡಿದೀನೇನೋ," ಎಂದಳು. ಏನೂ ಸಿಗಲಿಲ್ಲ.

"ಬೀಗ ಒಡೆದಿಲ್ಲ, ಕೈ ಇವನ ಹತ್ರ," ಎಂದ ತೂಸೊ ದಾರಿಯಲ್ಲಿ. "ಇನ್ನು ಹುಡುಕೋದೇನಿದೆ ಸಾರ್?"

"ಕದ್ದವನೇ ಬಂದು ದೂರು ಕೊಡೋ ಕಾಲ ಬಂದ್ರೆ ನಿನಗೂ ನನಗೂ ಪಿಂಚಣಿ ಕೊಟ್ಟು ಮನೆಗೆ ಕಳಿಸ್ತಾರೆ. ಸುಮ್ಮನೆ ನಡಿ."

ಮಂಗಳವಾರ ಹನ್ನೊಂದೂವರೆಗೆ ಕೆಬೊನಾಂಗ್ ಪೇಟೆಯಲ್ಲಿ ನಿಂತು ಹುರಿದ ನೆಲಗಡಲೆ ತಿನ್ನುತ್ತಿದ್ದರು. ಎದುರಿನಿಂದ ಕಪ್ಪು ಉಡುಪಿನ ಹೆಂಗಸೊಬ್ಬಳು ಬಂದಳು. ನಮ್ಮಲ್ಲಿ ಗಂಡನನ್ನು ಕಳೆದುಕೊಂಡವಳು ವರ್ಷವಿಡೀ ಕಪ್ಪು ಉಡುತ್ತಾಳೆ, ದಾರಿಯ ನಡುವೆ ನಡೆಯುವುದಿಲ್ಲ, ಅಂಚು ಹಿಡಿದು ಹೋಗುತ್ತಾಳೆ. ಎದುರಿಗೆ ಬಂದವರು ಜಾಗ ಬಿಟ್ಟು ತಲೆ ತಗ್ಗಿಸುತ್ತಾರೆ. ನಶ್ಯ ಮಾರುವವನು ಮುಖ ತಿರುಗಿಸಿದ, ಕೆಬೊನಾಂಗ್ ತಮ್ಮ ಬೂಟು ನೋಡಿಕೊಂಡರು. ಆಕೆ ದಾಟಿ ಹೋದ ಮೇಲೂ ಅವರು ಬೂಟನ್ನೇ ನೋಡುತ್ತಿದ್ದರು. ನೆಲಗಡಲೆಯ ಪೊಟ್ಟಣವನ್ನು ತೂಸೊನ ಕೈಗೆ ತುರುಕಿ ಸೀದಾ ಸಂಸತ್ ಭವನದ ಗೇಟಿಗೆ ನಡೆದರು.

"ಶುಕ್ರವಾರ ಕಪ್ಪು ಉಟ್ಟವರು ಯಾರಾದ್ರೂ ಬಂದಿದ್ರಾ?"

ಕಾವಲುಗಾರ ಮುಜುಗರಪಟ್ಟ. "ನೀವು ಯಾರನ್ನ ನೋಡ್ದೆ ಅಂತ ಕೇಳಿದ್ರಿ. ಅವರನ್ನ ನೋಡಬಾರದಲ್ಲ ಸಾಹೇಬ್ರೆ."

"ನೋಡಿಲ್ಲ, ಸರಿ. ಏನು ಕಂಡಿತು?"

"ಪಾದ. ಹೋಗುವಾಗ ಹಗುರವಾಗಿ ಹೋದವು. ಬರುವಾಗ ಭಾರವಾಗಿ ಬಂದವು."

"ತಲೆ ಮೇಲೆ?"

"ತಲೆ ತನಕ ನನ್ನ ಕಣ್ಣು ಏರಲಿಲ್ಲ."

ಆಸನಗಳ ಪಟ್ಟಿ ತರಿಸಿದರು. ಎರಡನೇ ಸಾಲು, ಕಿಟಕಿಯ ಪಕ್ಕ: ಗಬಾನೆಯ ಸದಸ್ಯ ಓಟೆಂಗ್ ಸೆಬಿನಾ. ಏಪ್ರಿಲ್‌ನಲ್ಲಿ ಎದೆನೋವಿನಿಂದ ತೀರಿಕೊಂಡಿದ್ದರು.

ಅದೇ ದಿನ ನಾಲ್ಕೂವರೆಗೆ ಪೊಲೀಸ್ ಜೀಪು ಗಬಾನೆ ತಲುಪಿತು. ಬೇಲಿಯ ಹೊರಗೆ ನಿಂತು ಕೂಗಿ, ಒಪ್ಪಿಗೆ ಪಡೆದು ಒಳಗೆ ಹೋದರು. ಓಟೆಂಗ್ ಅವರ ಹೆಂಡತಿ ಮ್ಮಾ ಲೆಸೇಗೊ, ಎಂದರೆ ಲೆಸೇಗೊ ಅಮ್ಮ, ಕಪ್ಪು ಉಡುಪಿನಲ್ಲಿ ಕುಳಿತು ಜೋಳ ಕೇರುತ್ತಿದ್ದರು. ಗುಡಿಸಿಲಿನ ತೆರೆದ ಬಾಗಿಲಿನಾಚೆ ಆ ಕುರ್ಚಿ ಕಾಣುತ್ತಿತ್ತು. ಅದರ ಬೆನ್ನಿಗೆ ಗಂಡಸಿನ ಕೋಟೊಂದನ್ನು ತೊಡಿಸಲಾಗಿತ್ತು.

"ತಾಯಿ, ಆ ಕುರ್ಚಿಗೆ ಬಂದಿದೀವಿ."

"ತಂದು ಕೊಡ್ತೀರಿ ಅಂತ ಏಪ್ರಿಲ್‌ನಿಂದ ಕಾದೆ," ಎಂದರು ಆಕೆ. "ಯಾರೂ ಬರಲಿಲ್ಲ. ನಾನೇ ಹೋದೆ. ಕತ್ತೆಗಾಡಿ ಸಿಕ್ತು."

"ಯಾಕೆ ತಂದ್ರಿ?"

"ಊರ ಕೊಟ್ಲಾದಲ್ಲಿ, ಪಂಚಾಯ್ತಿ ಕಟ್ಟೇಲಿ, ಸಭೆ ಮುಗಿದ್ರೆ ಅವರವರ ಕುರ್ಚಿ ಅವರವರು ಹೊತ್ಕೊಂಡು ಬರಲ್ವಾ? ನಿಮ್ಮಪ್ಪ ತಂದಿಲ್ವಾ? ನನ್ನ ಗಂಡನ ಸಭೆ ಮುಗೀತು. ಹೊಸ ಸಭೆಯ ಮನೇಲಿ ತಮಗೂ ಒಂದು ಕುರ್ಚಿ ಇದೆ, ಎರಡನೇ ಸಾಲು, ಕಿಟಕಿ ಪಕ್ಕ ಅಂತ ಅವರೇ ಹೇಳಿದ್ರು. ನಾಳೆ ಅದರಲ್ಲಿ ಇನ್ನೊಬ್ಬ ಕೂರ್ತಾನಂತೆ. ನಾನಿನ್ನೂ ಕಪ್ಪು ಬಿಚ್ಚಿಲ್ಲ."

ಕೆಬೊನಾಂಗ್‌ಗೆ ತಮ್ಮೂರಿನ ಸಭೆಗಳು ನೆನಪಾದವು. ಅವರಪ್ಪನ ಕುರ್ಚಿ ಈಗಲೂ ಅವರ ಊರಿನ ಮನೆಯ ಅಂಗಳದಲ್ಲಿದೆ.

"ಅಲ್ಲಿ ಹಾಗಲ್ಲ ತಾಯಿ. ಆ ಕುರ್ಚಿ ಓಟೆಂಗ್ ಅವರದಲ್ಲ, ನಾಳೆ ಬರೋರದೂ ಅಲ್ಲ. ಗಬಾನೆ ಊರಿಂದು."

"ನಾನು ಯಾವೂರವಳು?"

ತೂಸೊ ನಗು ತಡೆಯಲು ಕೆಮ್ಮಿದ. ಇನ್ಸ್‌ಪೆಕ್ಟರ್ ಆಕೆಯ ಎದುರು ಕುಕ್ಕರುಗಾಲಲ್ಲಿ ಕುಳಿತರು.

"ಅಲ್ಲಿದ್ರೆ ಊರಿಂದು. ಇಲ್ಲಿಗೆ ತಂದ್ರೆ ಊರಿಗೆ ಅಲ್ಲಿ ಕೂರೋಕೆ ಜಾಗ ಇಲ್ಲ, ಮಾತಾಡೋಕೆ ಬಾಯಿಲ್ಲ."

ಆಕೆ ಮೊರವನ್ನು ಕೆಳಗಿಟ್ಟರು. "ಇದನ್ನ ಅವರು ನನಗೆ ಹೇಳಲಿಲ್ಲ."

"ಇನ್ನೊಂದು ಮಾತು. ಬೀಗದ ಕೈ ಇಟ್ಕೊಂಡವನು ಮೊಲಾಪಿಸಿ ಅಂತ. ಕುರ್ಚಿ ಹೋಯ್ತು ಅಂತ ಅವನ ಕೆಲಸ ಹೋಗುತ್ತೆ. ಮತ್ತೆ ಗಣಿಗೆ ಹೋಗಬೇಕು."

ಅದನ್ನು ಕೇಳಿದ್ದೇ ಆಕೆ ಎದ್ದರು. ಗುಡಿಸಿಲಿನೊಳಗೆ ಹೋಗಿ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಮಡಚಿ ಎದೆಗೊತ್ತಿಕೊಂಡರು. "ತಗೊಂಡು ಹೋಗಿ. ನನ್ನನ್ನೂ ಕರ್ಕೊಂಡು ಹೋಗಬೇಕಾ?"

"ಹೋಗಬೇಕು ತಾಯಿ. ಕೇಸು ಬರೆದಾಗಿದೆ."

ಐದು ಹತ್ತಕ್ಕೆ ದಸ್ತಗಿರಿ. ತೂಸೊ ಕುರ್ಚಿಯನ್ನು ಜೀಪಿಗೆ ಕಟ್ಟುವಾಗ ಆಕೆ ಬೇಲಿಯ ಬಳಿ ನಿಂತು ಕೇಳಿದರು: "ಹಾಗಾದ್ರೆ ಅವರು ಮನೆಯಿಂದ ಒಯ್ದದ್ದು ಎಲ್ಲಿ?"

"ಏನು ಒಯ್ದಿದ್ರು?"

"ಅವರ ಕುರ್ಚಿ. ಮೊದಲನೇ ದಿನ ಬಸ್ಸಿನ ಮೇಲೆ ಹಾಕ್ಕೊಂಡು ಹೋದ್ರು. ಅಲ್ಲಿ ಬೇರೆ ಕೊಟ್ರು ಅಂತ ಅದನ್ನ ವಾಪಸ್ ತರಲೇ ಇಲ್ಲ. ಒಂದು ಪಟ್ಟಿ ಹರಿದಿತ್ತು, ನಾನೇ ಹೊಲಿದು ಕಳಿಸಿದ್ದೆ. ಕೆಂಪು ಹಸುವಿನ ತೊಗಲು."

ಇನ್ಸ್‌ಪೆಕ್ಟರ್ ಜೀಪಿನ ಬಾಗಿಲು ತೆರೆದು ಆಕೆಯನ್ನು ಹತ್ತಿಸಿದರು.

ಬುಧವಾರ ಒಂಬತ್ತು ಇಪ್ಪತ್ತಕ್ಕೆ ಕುರ್ಚಿ ಎರಡನೇ ಸಾಲು ಸೇರಿತು. ಬೀಗದ ಕೈ ಮೊಲಾಪಿಸಿಯ ಸೊಂಟದಲ್ಲೇ ಉಳಿಯಿತು. ಅವನಿಗಿನ್ನೂ ಖುಷಿಯಿಂದ ಉಸಿರು ತಿರುಗಿರಲಿಲ್ಲ, ಕೆಬೊನಾಂಗ್ ಅವನ ಕೋಣೆಯ ಕುರ್ಚಿ ತೋರಿಸಿ ಕೇಳಿದರು.

"ಇದು ಯಾರದ್ದು?"

"ಇದಾ? ಮೊದಲನೇ ದಿನ ಓಟೆಂಗ್ ಅವರು..." ಮೊಲಾಪಿಸಿಯ ಮಾತು ಅರ್ಧಕ್ಕೇ ನಿಂತಿತು. "ನಿನ್ನ ಕೋಣೇಲಿ ಇಟ್ಟಿರು ಅಂದಿದ್ರು. ದಿನಾ ಕೂತು ಕೂತು ನನ್ನದೇ ಅನ್ನಿಸಿಬಿಡ್ತು ಸಾಹೇಬ್ರೆ. ಅವರು ಸತ್ತಾಗಲೂ ನೆನಪಾಗಲಿಲ್ಲ."

ಮ್ಯಾಜಿಸ್ಟ್ರೇಟರು ಮಧ್ಯಾಹ್ನವೇ ಎಚ್ಚರಿಕೆ ಕೊಟ್ಟು ಮ್ಮಾ ಲೆಸೇಗೊರನ್ನು ಬಿಟ್ಟರು. ಆಕೆ ಗೋಡೆಯ ಅಂಚು ಹಿಡಿದು ಕೋರ್ಟಿನಿಂದ ಹೊರಗೆ ಬಂದಾಗ ಮೆಟ್ಟಿಲ ಕೆಳಗೆ ಮೊಲಾಪಿಸಿ ನಿಂತಿದ್ದ. ಗಂಡಸು ಹೊರುವ ಹಾಗೆ ಹೆಗಲ ಮೇಲಲ್ಲ, ಹೆಂಗಸರ ಹಾಗೆ ತಲೆಯ ಮೇಲೆ ತನ್ನ ಕೋಣೆಯ ಕುರ್ಚಿ ಹೊತ್ತಿದ್ದ. ಪೇಟೆಯ ಜನ ನೋಡಿ ನಗುತ್ತಿದ್ದರು, ಅವನಿಗೆ ಅದರ ಪರಿವೆ ಇರಲಿಲ್ಲ.

"ತಪ್ಪಾಯ್ತಮ್ಮ," ಎಂದ.

ಆಕೆ ಕೆಂಪು ಪಟ್ಟಿಯ ಮೇಲೆ ಬೆರಳಾಡಿಸಿದರು. "ಹೊಲಿಗೆ ಬಿಟ್ಟಿಲ್ಲ," ಎಂದರು. ಆಮೇಲೆ ಅತ್ತರು, ಏಪ್ರಿಲ್‌ನಿಂದ ತಡೆದಿಟ್ಟುಕೊಂಡದ್ದನ್ನೆಲ್ಲ.

ಸಂಜೆ ಕೆಬೊನಾಂಗ್ ಕೇಸ್ ಡೈರಿ ಮುಗಿಸಿದರು. ಅಪರಾಧದ ಉದ್ದೇಶ ಎಂಬಲ್ಲಿ ಹೀಗೆ ಬರೆದರು: "ಗಂಡನ ಕುರ್ಚಿಯನ್ನು ಮನೆಗೆ ತರಲು. ತಂದ ಕುರ್ಚಿ ಬೇರೆಯಾಗಿತ್ತು." ಆ ಇನ್ನೊಂದು ಕುರ್ಚಿಯಲ್ಲಿ ಕುಳಿತೇ ತಾವು ಹೇಳಿಕೆ ಬರೆದುಕೊಂಡದ್ದನ್ನು ಅವರು ಎಲ್ಲಿಯೂ ಬರೆಯಲಿಲ್ಲ.